ಸಿಂಧನೂರು ಸ್ಟ್ಯಾಂಡಿನಲ್ಲಿ ಒಂದು ಜರ್ಮನ್ ಕ್ರಿಯಾಪದ

ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೊರಗಿನ ಕೋಣೆಯಲ್ಲಿ ಗೋಡೆಗುಂಟ ಕುರ್ಚಿಗಳಿದ್ದವು. ರೋಗಿ ಅಂತ ಇದ್ದವಳು ನಾನೊಬ್ಬಳೇ. ನೀರು ಕುಡಿಯಲು ಎದ್ದೆ. ಏಳುವಾಗ ಕೈ ತಾನಾಗಿಯೇ ಚೀಲಕ್ಕೆ ಹೋಯಿತು, ಕರವಸ್ತ್ರ ತೆಗೆಯಿತು, ಕುರ್ಚಿಯ ಮೇಲೆ ಹಾಸಿತು. ಚೀಟಿ ಬರೆಯುವ ಹುಡುಗಿ ನೋಡುತ್ತಲೇ ಇದ್ದಳು. "ಮೇಡಂ, ಇನ್ನ ಯಾರರ ಬರೋರದಾರೇನ್ರಿ?" ಅಂದಳು. ಯಾರೂ ಇಲ್ಲವ್ವಾ ಅಂದೆ. ಖಾಲಿ ಕೋಣೆಯಲ್ಲಿ ಖಾಲಿ ಕುರ್ಚಿಯನ್ನು ಇಲ್ಲದ ಜನರಿಂದ ಕಾಪಾಡಿಕೊಂಡು ನೀರು ಕುಡಿದು ಬಂದೆ. ಹಲ್ಲುನೋವಿನ ನಡುವೆಯೂ ನಗು ಬಂತು.

ಇದು ನನ್ನ ಹಳೆಯ ಚಟ. ಮದುವೆ ಮಂಟಪದಲ್ಲಿ ಮಾಡಿದ್ದೇನೆ, ಸ್ಟಾಫ್ ಮೀಟಿಂಗಿನಲ್ಲಿ ಮಾಡಿದ್ದೇನೆ, ಒಮ್ಮೆ ನನ್ನದೇ ಮನೆಯ ಸೋಫಾದ ಮೇಲೂ ಮಾಡಿದ್ದೇನೆ. ನನ್ನ ಗಂಡ ಬೇರೆ ಊರಿನವರು. ಸಿಂಧನೂರಿನವರು ಹುಟ್ಟುವ ಮೊದಲೇ ತೊಟ್ಟಿಲಿಗೆ ಟವೆಲ್ ಒಗೆದು, ಅಂದರೆ ಎಸೆದು, ಜಾಗ ಹಿಡಿದು ಆಮೇಲೆ ಹುಟ್ಟುತ್ತಾರೆ ಅಂತ ಅವರ ಸಿದ್ಧಾಂತ. ನಾನು ಅಲ್ಲಗಳೆಯುವುದಿಲ್ಲ. ಆದರೆ ಟವೆಲ್ಲಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಜರ್ಮನ್ ಕ್ರಿಯಾಪದ. ಅದು ಯಾಕೆ ಅನ್ನುವುದಕ್ಕೆ ನನ್ನ ಅಪ್ಪನಿಂದ ಶುರು ಮಾಡಬೇಕು.

ಅಪ್ಪ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಖಾಕಿ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ನು, ಎದುರಿಗೊಂದು ಮೈಕು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವುದನ್ನು ಇಡೀ ಊರಿಗೆ ಕೇಳುವ ಹಾಗೆ ಹೇಳುವುದು ಅವನ ಕೆಲಸ. ಮನೆಯಲ್ಲೂ ಅದೇ ದನಿ. "ಊಟಕ್ಕೆ ಬರತಕ್ಕದ್ದು" ಅಂತ ಅವನು ಒಳಗಿನಿಂದ ಕೂಗಿದರೆ ಪಕ್ಕದ ಮನೆಯವರೂ ತಟ್ಟೆ ತೊಳೆದುಕೊಳ್ಳುತ್ತಿದ್ದರು. ಇಂಥವನಿಗೆ ಎಂಬತ್ತರ ದಶಕದಲ್ಲಿ ಶಾರ್ಟ್‌ವೇವ್ ರೇಡಿಯೋದ ಹುಚ್ಚು ಹಿಡಿಯಿತು. ಸಂಜೆ ಡ್ಯೂಟಿ ಮುಗಿಸಿ ಬಂದು ಅಂಗಳದ ಬೇವಿನ ಗಿಡಕ್ಕೆ ತಂತಿ ಕಟ್ಟಿ ದೇಶದೇಶಗಳ ಗೊರಗೊರ ಸದ್ದನ್ನು ಕೇಳುತ್ತ ಕೂತುಬಿಡುತ್ತಿದ್ದ. ಜರ್ಮನಿಯ ರೇಡಿಯೋದವರು ಪತ್ರ ಬರೆದವರಿಗೆ ಭಾಷೆ ಕಲಿಸುವ ಪುಸ್ತಕವನ್ನು ಪುಕ್ಕಟೆ ಕಳಿಸುತ್ತಿದ್ದರು. ಪುಕ್ಕಟೆ ಸಿಗುತ್ತದೆಂದರೆ ಬಿಡುವುದುಂಟೇ? ಅಪ್ಪ ಬರೆದ. ಅವರು ಕಳಿಸಿಯೇಬಿಟ್ಟರು.

ಅದರಲ್ಲೊಂದು ಚಿತ್ರವಿತ್ತು. ಬಸ್ ನಿಲ್ದಾಣದಲ್ಲಿ ಜನ ಒಬ್ಬರ ಹಿಂದೊಬ್ಬರು ಕೊಡೆ ಹಿಡಿದು ನಿಂತಿದ್ದಾರೆ. ಒಬ್ಬ ಹುಡುಗ ನಡುವೆ ನುಗ್ಗುತ್ತಿದ್ದಾನೆ. ಅವನ ತಾಯಿ ರಟ್ಟೆ ಹಿಡಿದು ಏನೋ ಹೇಳುತ್ತಿದ್ದಾಳೆ. ಏನು? "ಬೆನಿಮ್ ದಿಶ್!" ಅಷ್ಟೇ. ಅಪ್ಪ ಆ ಪುಟದಿಂದ ಮುಂದೆ ಹೋಗಲೇ ಇಲ್ಲ. ಅಂದರೆ, ಹೋದ, ಕುದುರೆ, ಟೊಮೆಟೊ, ಚಿಕ್ಕಪ್ಪ ಮುಂತಾದವುಗಳ ಜರ್ಮನ್ ಹೆಸರು ಕಲಿತ. ಆದರೆ ಜೀವ ಮಾತ್ರ ಆ ಪುಟದಲ್ಲೇ ಉಳಿಯಿತು.

"ಇದರ ಮಜಾ ನೋಡು" ಅಂತ ನನ್ನನ್ನು ಕೂರಿಸಿಕೊಂಡು ಹೇಳಿದ. "ಮೂಲ ಪದ ಬೆನೇಮನ್. ಅಂದ್ರ ನಡಕೊಳ್ಳೋದು. ನಮ್ಮಂಗ ಅವರಿಗೂ ಅದರಾಗ 'ತನ್ನನ್ನ ತಾನ' ಅನ್ನೋದು ಇರತೈತಿ. ಆದ್ರ ನಾವು ಬರೇ 'ನಡಕೊ' ಅಂದ್ರ ಮುಗ್ಯಂಗಿಲ್ಲ, 'ನೆಟ್ಟಗ ನಡಕೊ' ಅನಬೇಕು. ಅವರು ಬರೇ 'ನಡಕೊ' ಅಂತಾರ. ನೆಟ್ಟಗ ಅನ್ನೋದು ಅದರಾಗ ಬಂದಬಿಡತೈತಿ. ಹೆಂಗ ನಡಕೋಬೇಕು ಅಂತ ಅಲ್ಲಿ ಯಾರೂ ಕೇಳಂಗಿಲ್ಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಅಂದಳು: "ನಾ ಅಷ್ಟೂ ಅನ್ನಂಗಿಲ್ಲ. ಬರೇ ಕಣ್ಣ ಕೆಂಪ ಮಾಡ್ತೀನಿ. ಅದರಾಗ ಎಲ್ಲಾ ಬರತೈತಿ. ಅದಕ್ಯಾಕ ಜರ್ಮನಿತನಕ ಹೋಗ್ತೀರಿ?"

ಅಪ್ಪ ಹಿಮ್ಮೆಟ್ಟುವ ಗಂಡಸಲ್ಲ. ಪುಸ್ತಕದ ಹಿಂದಿನ ಪುಟಗಳಲ್ಲಿ ಇನ್ನೊಂದು ಪದ ಸಿಕ್ಕಿತ್ತು ಅವನಿಗೆ, ಫೆರ್‌ಹಾಲ್ಟನ್ ಅಂತ. ಅದೂ ನಡೆದುಕೊಳ್ಳುವುದೇ. ಆದರೆ ಅದರಲ್ಲಿ ಒಳ್ಳೆಯದು ಕೆಟ್ಟದ್ದು ಅನ್ನುವ ತೂಕ ಇಲ್ಲ. ದನ ಹೇಗೆ ನಡೆದುಕೊಳ್ಳುತ್ತದೆ, ಎಂಜಿನ್ನು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೂ ನಡೆಯುತ್ತದೆ. "ಬೆನೇಮನ್ ಹಂಗಲ್ಲ" ಅಂದ ಅಪ್ಪ. "ಬೈಸಿಕೊಳ್ಳಾಕ ಯೋಗ್ಯ ಇರೋ ಪ್ರಾಣಿಗೆ ಮಾತ್ರ ಅದು." ಇದಾದ ಮೇಲೆ ನಮ್ಮಿಬ್ಬರ ನಡುವೆ ಗುಟ್ಟಿನ ಭಾಷೆಯೊಂದು ಹುಟ್ಟಿಕೊಂಡಿತು. ಬಂದ ನೆಂಟರು ಸೊರ್ ಅಂತ ಚಾ ಹೀರಿದರೆ ಅಪ್ಪ ನನ್ನ ಕಡೆ ನೋಡಿ "ಕೈನ್ ಬೆನೇಮನ್" ಅನ್ನುತ್ತಿದ್ದ, ನಡತೆಯೇ ಇಲ್ಲ ಅಂತ. ನೆಂಟರು ಅದನ್ನು ದೇವರ ಹೆಸರಿರಬೇಕು ಅಂದುಕೊಂಡು ಗಂಭೀರರಾಗುತ್ತಿದ್ದರು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ಆ ಕ್ರಿಯಾಪದವನ್ನು ಡ್ಯೂಟಿಗೆ ಕರೆದುಕೊಂಡು ಹೋದ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಪಾಳಿ ಹಚ್ಚಿಸುತ್ತೇನೆ ಅಂತ ಪಣ ತೊಟ್ಟ. ಪಾಳಿ ಅಂದರೆ ನೀವು ಕ್ಯೂ ಅನ್ನುತ್ತೀರಲ್ಲ, ಅದು.

ಆ ಕಾಲದ ನಮ್ಮ ಸ್ಟ್ಯಾಂಡನ್ನು ನೋಡದವರಿಗೆ ಈ ಪಣದ ಭಾರ ತಿಳಿಯುವುದಿಲ್ಲ. ಬಸ್ಸು ಗೇಟಿನೊಳಗೆ ಮೂತಿ ಹಾಕಿದರೆ ಸಾಕು, ಜನ ಅದರ ಜೊತೆಜೊತೆಗೇ ಓಡುತ್ತಿದ್ದರು. ಓಡುತ್ತಲೇ ಕಿಟಕಿಯಿಂದ ಒಳಗೆ ಟವೆಲ್ ಒಗೆಯುತ್ತಿದ್ದರು. ಅದು ಎಲ್ಲಿ ಬಿತ್ತೋ ಆ ಸೀಟು ಅವರದು. ಟವೆಲ್ ಇಲ್ಲದವರು ಟೋಪಿ, ಬುತ್ತಿಗಂಟು, ಕುಡಗೋಲು ಏನಾದರೂ. ಆರ್.ಎಚ್. ಕ್ಯಾಂಪಿನ ನಿರಾಶ್ರಿತ ಬಂಗಾಲಿಗಳು ಬಂದ ಹೊಸದರಲ್ಲಿ ಬೆಪ್ಪಾಗಿ ನಿಂತು ನೋಡುತ್ತಿದ್ದರಂತೆ; ನನಗೆ ಬುದ್ಧಿ ಬರುವ ಹೊತ್ತಿಗೆ ಅವರ ಕೆಂಪು ಗಮಛಾ ಟವೆಲ್ಲುಗಳು ಎಲ್ಲರಿಗಿಂತ ಮೊದಲು ಒಳಗೆ ಬೀಳುತ್ತಿದ್ದವು. ಒಬ್ಬ ಪುಣ್ಯಾತ್ಮ ಒಮ್ಮೆ ತನ್ನ ಕೂಸನ್ನೇ ಕಿಟಕಿಯಿಂದ ಇಳಿಬಿಟ್ಟಿದ್ದ. ಕೂಸು ಸೀಟು ಹಿಡಿಯಿತು, ಒದ್ದೆಯನ್ನೂ ಮಾಡಿತು. ಆ ಸೀಟಿಗೆ ಮತ್ತೆ ಯಾರೂ ಪೈಪೋಟಿಗೆ ಬರಲಿಲ್ಲ.

ಅಪ್ಪ ಮೈಕಿನಲ್ಲಿ ಕೂಗಿದ: "ಲಿಂಗಸುಗೂರಿಗೆ ಹೋಗತಕ್ಕಂಥ ಪ್ರಯಾಣಿಕರು ಪಾಳಿ ಹಚ್ಚಿ ನಿಂದರತಕ್ಕದ್ದು." ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿಸಿದ. ಜನ ನಮ್ಮವರು, ಸಾಹೇಬರ ಮಾತು ಮೀರುವವರಲ್ಲ. ಪಾಳಿ ಹಚ್ಚಿದರು. ಮರುದಿನ ಬೆಳಿಗ್ಗೆ ಅಪ್ಪ ಆಫೀಸಿನಿಂದ ಹೊರಗೆ ಬಂದು ನೋಡುತ್ತಾನೆ, ಸುಣ್ಣದ ಗೆರೆಯ ಮೇಲೆ ಸೊಗಸಾದ ಪಾಳಿ! ಒಂದು ಟವೆಲ್, ಅದರ ಹಿಂದೆ ಒಂದು ಜೋಡಿ ಚಪ್ಪಲಿ, ಆಮೇಲೆ ಗಮಛಾ, ಆಮೇಲೆ ಒಂದು ಕಲ್ಲು, ಕಲ್ಲಿನ ಹಿಂದೆ ಬುಟ್ಟಿಯಲ್ಲಿ ಒಂದು ಹುಂಜ. ಮನುಷ್ಯರೆಲ್ಲ ಚಾದಂಗಡಿಯಲ್ಲಿ ಕೂತಿದ್ದಾರೆ. ಪಾಳಿಯಲ್ಲಿ ಜೀವ ಇದ್ದದ್ದು ಹುಂಜಕ್ಕೆ ಮಾತ್ರ.

ಮೊದಲ ಟವೆಲ್ಲಿನ ಮಾಲೀಕ ಮುಕ್ಕುಂದದ ಹನುಮಂತಪ್ಪ ಅಂತ, ನೆಲ್ಲು ಬೆಳೆಯುವ ಮುದುಕ. ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದನಾದ್ದರಿಂದ ಆ ಬಸ್ಸಿಗೆ ಖಾಯಂ ಗಿರಾಕಿ. ಅಪ್ಪ ಅವನನ್ನು ಕರೆಸಿದ.

"ಹನುಮಂತಪ್ಪ, ಪಾಳಿಯೊಳಗ ನೀ ನಿಂದರಬೇಕು. ನಿನ್ನ ಟಾವೆಲ್ ಅಲ್ಲ."

"ಟಾವೆಲ್ ನಂದ ಐತ್ರಿ ಸಾಹೇಬ್ರ."

"ನಿಂದ ಇರಬಹುದಪ. ನೀ ಅಲ್ಲಲ್ಲ?"

"ಅದು ಅಲ್ಲಿ ಐತಿ ಅಂದ್ರ ನಾ ಅಲ್ಲಿ ಇದ್ದಂಗ ಅಲ್ಲೇನ್ರಿ? ಹಂಗ ತಿಳಕೊಳ್ಳದಿದ್ರ ಮನಶ್ಯಾಗ ಟಾವೆಲ್ ಯಾಕ ಬೇಕ್ರಿ?"

ಅಪ್ಪ ಟವೆಲ್ಲನ್ನು ಅವನ ಹೆಗಲಿಗೇ ಹಾಕಿ ಕಳಿಸಿದ. ಪಣ ಪಣವೇ. ಅಂದಿನಿಂದ ಅಪ್ಪನಿಗೂ ಟವೆಲ್ಲುಗಳಿಗೂ ಯುದ್ಧ ಶುರುವಾಯಿತು. ಅಪ್ಪ ಪಾಳಿ ಕಟ್ಟುತ್ತಿದ್ದ, ಬಸ್ಸು ಬಂದ ಕೂಡಲೇ ಜನ ಪಾಳಿಯಿಂದ ತಂತಮ್ಮ ಟವೆಲ್ ಎತ್ತಿಕೊಂಡು ಓಡಿ ಕಿಟಕಿಗೆ ಒಗೆಯುತ್ತಿದ್ದರು. ಅಪ್ಪ ಆಫೀಸಿನ ಕಿಟಕಿಯಲ್ಲಿ ನಿಂತು "ಇದು ಬೆನೇಮನ್ ಅಲ್ಲ, ಫೆರ್‌ಹಾಲ್ಟನ್" ಅಂತ ಒಬ್ಬನೇ ಗೊಣಗುತ್ತಿದ್ದ. ಊರು ಅವನಿಗೆ ಪಾಳಿ ಸಾಹೇಬ ಅಂತ ಹೆಸರಿಟ್ಟಿತು. ಅವನು ಅದನ್ನು ಬಿರುದು ಅಂತಲೇ ತಿಳಿದ. ವರ್ಷಗಳು ಉರುಳಿದರೂ ಸುಣ್ಣದ ಗೆರೆ ಅಳಿಯಲು ಬಿಡಲಿಲ್ಲ.

ಇನ್ನು ನನ್ನ ಕಥೆ. ತೊಂಬತ್ತರ ದಶಕ ಶುರುವಾಗಿತ್ತು. ನಾನು ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟಿದ್ದೆ. ಎಲ್ಲ ಪಾಸು, ಇಂಗ್ಲಿಷಿನಲ್ಲಿ ಮಾತ್ರ ಬಿದ್ದಿದ್ದೆ. ಅಷ್ಟರಲ್ಲಿ ಗೊಬ್ಬರದಂಗಡಿಯ ವರನೊಬ್ಬ ನನ್ನನ್ನು ನೋಡಲು ಬಂದು, ಕೂತಷ್ಟು ಹೊತ್ತೂ ಯೂರಿಯಾದ ಗುಣಗಾನ ಮಾಡಿ, ಒಪ್ಪಿಗೆ ಅಂತ ಹೇಳಿಕಳಿಸಿದ್ದ. ಅವ್ವನ ಜೊತೆ ನನ್ನ ಕರಾರು ಆಯಿತು: ಈ ಸಲ ಇಂಗ್ಲಿಷ್ ಪಾಸಾದರೆ ನನ್ನನ್ನು ಬಿ.ಎಡ್.ಗೆ ಕಳಿಸಬೇಕು, ಬಿದ್ದರೆ ಬಾಯಿ ಮುಚ್ಚಿಕೊಂಡು ಯೂರಿಯಾಕ್ಕೆ ಹೂಂ ಅನ್ನಬೇಕು. ಪರೀಕ್ಷೆಯ ಸೆಂಟರ್ ಲಿಂಗಸುಗೂರಿನಲ್ಲಿ. ಸಿಂಧನೂರಿನಿಂದ ಹೊರಟರೆ ನಡುವೆ ಮಸ್ಕಿ, ಅದನ್ನು ದಾಟಿದರೆ ಲಿಂಗಸುಗೂರು. ಹಿಂದಿನ ರಾತ್ರಿಯೇ ಹೋಗಿ ಉಳಿಯೋಣವೆಂದರೆ ಅಲ್ಲಿ ನಮ್ಮವರು ಅಂತ ಯಾರೂ ಇರಲಿಲ್ಲ.

ಆ ದಿನ ಬೆಳಗಿನ ಮೊದಲ ಬಸ್ಸು ಬರಲೇ ಇಲ್ಲ, ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತಿತಂತೆ. ಎರಡನೆಯದು ಸಿಕ್ಕರಷ್ಟೇ ನಾನು ಪರೀಕ್ಷೆಗೆ ಮುಟ್ಟುವುದು. ಮದುವೆಯ ಸುಗ್ಗಿ ಬೇರೆ. ಎರಡು ಬಸ್ಸಿನ ಜನ, ಮೂರು ದಿಬ್ಬಣದ ಟ್ರಂಕು. ಅಪ್ಪ ಒಂದು ಮಾತು ಕಂಡಕ್ಟರನಿಗೆ ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವನು ನನ್ನ ಅಪ್ಪನೇ ಅಲ್ಲ.

"ಯಪ್ಪಾ, ಇವತ್ತೊಂದ ದಿನ" ಅಂದೆ.

"ಕಂಟ್ರೋಲರ್ ಮಗಳ ಪಾಳಿ ಬಿಟ್ರ ಮಂದಿ ಯಾಕ ಹಚ್ಚತಾರ?" ಅಂದ. "ಹೋಗು, ಗೆರಿಮ್ಯಾಲ ನಿಂದರು."

ನಿಂತೆ. ಕೈಯಲ್ಲಿ ಪರೀಕ್ಷೆಯ ಪ್ಯಾಡು, ಅದರ ಕ್ಲಿಪ್ಪಿಗೆ ಸಿಕ್ಕಿಸಿದ ಹಾಲ್ ಟಿಕೆಟು. ಬಸ್ಸು ಗೇಟಿನಲ್ಲಿ ಮೂತಿ ಹಾಕಿತು. ನನ್ನ ಮುಂದಿನ ಟವೆಲ್ಲು ಎದ್ದಿತು, ಹಿಂದಿನ ಚಪ್ಪಲಿ ಎದ್ದಿತು, ದಿಬ್ಬಣಗಳು ಎದ್ದವು. ಧೂಳು ಸ್ವಲ್ಪ ಇಳಿದಾಗ ಸುಣ್ಣದ ಗೆರೆಯ ಮೇಲೆ ನಾನೊಬ್ಬಳೇ ನಿಂತಿದ್ದೆ. ಆಗ ಮೈಕಿನಲ್ಲಿ ಅಪ್ಪನ ದನಿ ಬಂತು, ಹೆಮ್ಮೆಯಿಂದ ಉಬ್ಬಿದ ದನಿ: "ನೋಡ್ರಿ! ನನ್ನ ಮಗಳು ಹೆಂಗ ಪಾಳಿಯೊಳಗ ನಿಂತಾಳ, ನೋಡಿ ಕಲೀರಿ!"

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಕಣ್ಣ ಮುಂದೆ ಯೂರಿಯಾದ ಚೀಲಗಳು ಕುಣಿದವು. ಇಲ್ಲ, ಹೋಗಿಯೇ ಹೋಗುತ್ತೇನೆ ಅಂದುಕೊಂಡೆ. ಸೆರಗು ಸಿಕ್ಕಿಸಿ ಓಡಿದೆ. ಡ್ರೈವರನ ಹಿಂದಿನ ಕಿಟಕಿಯಲ್ಲಿ ಒಂದು ಸೀಟು ಇನ್ನೂ ಖಾಲಿ ಕಂಡಿತು. ಕೈಯಲ್ಲಿ ಬೇರೇನೂ ಇರಲಿಲ್ಲ. ಪ್ಯಾಡನ್ನೇ ಒಗೆದುಬಿಟ್ಟೆ. ಗುರಿ ತಪ್ಪಲಿಲ್ಲ, ಸಿಂಧನೂರಿನ ರಕ್ತ. ಇತ್ತ ಬಾಗಿಲ ಕಡೆ ತಿರುಗಿದರೆ ಅಲ್ಲಿ ಬಾಗಿಲೇ ಕಾಣುತ್ತಿಲ್ಲ, ಬರೀ ಬೆನ್ನುಗಳು. ನಾನು ಬೆನ್ನುಗಳನ್ನು ಗುದ್ದುತ್ತಿರುವಾಗಲೇ ಒಳಗಿನಿಂದ "ರೈಟ್" ಅಂತ ಕೇಳಿತು. ಬಸ್ಸು ಹೊರಟೇಹೋಯಿತು. ನಿಲ್ಲಿಸಿ, ನಿಲ್ಲಿಸಿ ಅಂತ ಕೂಗಿದೆ. ನಮ್ಮ ಸ್ಟ್ಯಾಂಡಿನಿಂದ ಯಾವ ಬಸ್ಸು ತಾನೇ ಕೂಗಾಟವಿಲ್ಲದೆ ಹೊರಟಿದೆ? ಡ್ರೈವರ್ ತಿರುಗಿಯೂ ನೋಡಲಿಲ್ಲ. ನನ್ನ ಹಾಲ್ ಟಿಕೆಟು ಕಿಟಕಿಯ ಬದಿಯ ಸೀಟಿನಲ್ಲಿ ಕೂತು ಲಿಂಗಸುಗೂರಿಗೆ ಹೋಯಿತು, ನಾನು ಧೂಳಿನಲ್ಲಿ ನಿಂತೆ.

ಅಳುತ್ತ ಆಫೀಸಿಗೆ ಹೋದೆ. ಅಪ್ಪ ಮೈಕು ಆರಿಸುವುದನ್ನು ಮರೆತಿದ್ದ. ಹೀಗಾಗಿ ಮುಂದಿನ ಸಂಭಾಷಣೆಯನ್ನು ಇಡೀ ಸಿಂಧನೂರು ಕೇಳಿತು.

"ಹಾಲ್ ಟಿಕೆಟ್ ಹೋತ? ನೀ ಒಗದಿ? ಪಾಳಿ ಬಿಟ್ಟು?"

"ಹೌದು, ಒಗದ್ನಿ! ನಿಮ್ಮ ಪಾಳಿ ಹಚ್ಚಿದ್ರ ಜನಮಾನಕ್ಕೂ ಪಾಸಾಗಂಗಿಲ್ಲ ನಾ!"

ನನ್ನನ್ನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಪೆನ್ನನ್ನು ಕಿವಿಗೆ ಸಿಕ್ಕಿಸಿ ಎದ್ದ, ಸಹಾಯಕನಿಗೆ ಮೈಕು ಒಪ್ಪಿಸಿದ, ನೇರವಾಗಿ ಗೇಟಿನ ಹೊರಗೆ ನಡೆದ. ಅಲ್ಲಿ ರಫೀಕನ ಜೀಪು ನಿಂತಿತ್ತು. ಈ ಜೀಪಿನವರು ಬಸ್ಸಿನ ಗಿರಾಕಿಗಳನ್ನು ಕದಿಯುತ್ತಾರೆ ಅಂತ ಅಪ್ಪ ಅವರನ್ನು ದಿನವೂ ಅಟ್ಟುತ್ತಿದ್ದ. ಅದರಲ್ಲೂ ರಫೀಕ್ ಅಂದರೆ ಅವನಿಗೆ ಕಣ್ಣಲ್ಲಿ ಬಿದ್ದ ಕಸ.

"ಚಲ್ ರಫೀಕ್, ಮಸ್ಕಿಗೆ. ಬಸ್ ಹಿಡೀಬೇಕು" ಅಂದ.

ರಫೀಕ್ ಬಾಯಿ ತೆರೆದು ನೋಡಿದ. "ಚಾಚಾ, ನನ್ನ ಜೀಪ್‌ನ್ಯಾಗ ನೀವಾ? ಕಾಯ್ದೇ ಕಾನೂನ ಎಲ್ಲಿ ಹೋತ್ರಿ?"

"ಕಾಯ್ದೆ ನಾಳೆ ಬಂದು ಹೇಳತೀನಿ. ಈಗ ಹೊಡಿ."

"ಫುಲ್ ಆಗೋತನಕ ಬಿಡಾಂಗಿಲ್ಲ ಅಂತ ನಮ್ಮದೂ ಒಂದ ಕಾಯ್ದೆ ಐತ್ರಿ" ಅಂದವನು ನನ್ನ ಮುಖ ನೋಡಿದ. ಹತ್ತಿದ್ದ ನಾಲ್ಕು ಜನರನ್ನು ಇಳಿಸಿಯೇಬಿಟ್ಟ. "ಬೈಠೋ ಬೇಟಿ" ಅಂದ.

ಜೀಪು ಕಾಲುವೆಯ ಸೇತುವೆ ದಾಟಿತು, ಕೊಯ್ಲಾದ ಗದ್ದೆಗಳು ಹಿಂದೆ ಸರಿದವು. ಮುಂದೆ ಬಸ್ಸಿನ ಸುಳಿವಿಲ್ಲ. ನನ್ನ ತಲೆಯಲ್ಲಿ ಒಂದೇ ಚಿತ್ರ: ಯಾರೋ ದಪ್ಪನೆಯ ಆಸಾಮಿ ನನ್ನ ಪ್ಯಾಡನ್ನು ಕಿಟಕಿಯಿಂದಾಚೆ ಎಸೆದು ಸೀಟಿನಲ್ಲಿ ಆರಾಮವಾಗಿ ಕೂತಿದ್ದಾನೆ. ರಸ್ತೆಯ ಎರಡೂ ಬದಿ ಬಗ್ಗಿ ಬಗ್ಗಿ ನೋಡುತ್ತ ಹೋದೆ. ಅಪ್ಪನೂ ನೋಡುತ್ತಿದ್ದ. ಅವನೂ ಅದನ್ನೇ ನಿರೀಕ್ಷಿಸಿದ್ದ ಅಂತ ಗೊತ್ತಾಗಿ ಇನ್ನಷ್ಟು ಹೆದರಿಕೆಯಾಯಿತು.

ಮಸ್ಕಿಯ ಸ್ಟ್ಯಾಂಡಿಗೆ ಹೋದರೆ ಬಸ್ಸು ಅಲ್ಲೇ ಇತ್ತು. ಎಂಜಿನ್ನು ಗುರುಗುಡುತ್ತಿತ್ತು, ಡ್ರೈವರ್ ಹಾರ್ನಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ, ಕಂಡಕ್ಟರ್ ಕೆಳಗಿಳಿದು ಕೂಗಾಡುತ್ತಿದ್ದ. ಬಾಗಿಲಿನ ಮೆಟ್ಟಿಲ ಮೇಲೆ ಎರಡೂ ಕಡೆಯ ಕಂಬಿ ಹಿಡಿದು ಅಡ್ಡಲಾಗಿ ನಿಂತಿದ್ದವನು ಹನುಮಂತಪ್ಪ.

"ಬಾಗಿಲಾ ಬಿಡೋ ಯಜಮಾನ, ಟೈಮ್ ಆಗಿ ಎಷ್ಟ ಹೊತ್ತಾತು!"

"ಪ್ಯಾಡಿನಾಕಿ ಬರಬೇಕ್ರಿ."

"ಯಾರಂತ ಗೊತ್ತೇನು ನಿನಗ?"

"ನನಗೆಲ್ಲಿ ಗೊತ್ರಿ? ಅದರಾಗ ಹೆಣ್ಣುಮಗಳ ಹೆಸರಿನ ಪರೀಕ್ಷಾದ ಕಾಗದ ಐತಂತ, ಓದಾಕ ಬರೋರು ಹೇಳ್ಯಾರ. ಸೀಟಿಗೆ ವಸ್ತಾ ಒಗದಾಳ ಅಂದ್ರ ಹಿಂದಿಂದರ ಬರ್ತಾಳ."

ಒಳಗಿನಿಂದ ಜನ "ಹೌದ್ರಿ, ಬರ್ತಾಳ, ತಡೀರಿ" ಅಂತ ದನಿಗೂಡಿಸಿದರು. ನಾನು ಓಡಿಹೋಗಿ "ಪ್ಯಾಡ್ ನಂದು" ಅಂದೆ. ಮುದುಕ ನನ್ನನ್ನು ನೋಡಿದ, ನನ್ನ ಹಿಂದೆ ಏದುಸಿರು ಬಿಡುತ್ತ ಬಂದ ಅಪ್ಪನನ್ನು ನೋಡಿದ. ಅವನ ಮುಖ ಅರಳಿತು.

"ಅಯ್ಯಯ್ಯ! ಸಾಹೇಬ್ರ ಮಗಳೇನಬೇ ನೀ? ಕೇಳ್ರೆಪಾ, ಪಾಳಿ ಸಾಹೇಬ್ರ ಮಗಳು ಸೀಟಿಗೆ ವಸ್ತಾ ಒಗದಾಳ!"

ಇಡೀ ಬಸ್ಸು ನಕ್ಕಿತು. ನಾನು ತಲೆ ತಗ್ಗಿಸಿ ಒಳಗೆ ಹತ್ತಿದೆ, ಅಪ್ಪನೂ ಹತ್ತಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ದಿಬ್ಬಣದ ಮುದುಕಿಯರು ಟ್ರಂಕಿನ ಮೇಲೆ ಕೂತಿದ್ದರು, ಗಂಡಸರು ಒಂಟಿ ಕಾಲಿನ ಮೇಲೆ ನಿಂತಿದ್ದರು. ಆ ಎಲ್ಲರ ನಡುವೆ, ಡ್ರೈವರನ ಹಿಂದೆ, ಕಿಟಕಿಯ ಬದಿಯ ಸೀಟು ಖಾಲಿ ಇತ್ತು. ಅದರ ಮೇಲೆ ನನ್ನ ಪ್ಯಾಡು, ಬಿದ್ದದ್ದು ಬಿದ್ದ ಹಾಗೆಯೇ. ಪಕ್ಕದಲ್ಲಿ ಕೂತ ಬಂಗಾಲಿ ಹೆಣ್ಣುಮಗಳು ನಿದ್ದೆ ಬಂದು ಜೋಲಾಡುವ ಮಗುವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು, ಖಾಲಿ ಸೀಟಿನ ಮೇಲೆ ಮಲಗಿಸಿರಲಿಲ್ಲ. ಸಿಂಧನೂರಿನಿಂದ ಮಸ್ಕಿಯವರೆಗೆ ಅಷ್ಟು ಜನ ಒಂದು ಖಾಲಿ ಸೀಟಿನ ಸುತ್ತ ನಿಂತುಕೊಂಡು ಬಂದಿದ್ದರು.

ಅಪ್ಪ ಆ ಸೀಟನ್ನು ನೋಡುತ್ತ ನಿಂತುಬಿಟ್ಟ. ಆಮೇಲೆ ಕೇಳಿದ, ಮೈಕಿನ ದನಿಯಲ್ಲ, ನಾನು ಮನೆಯಲ್ಲೂ ಕೇಳಿರದ ಸಣ್ಣ ದನಿ.

"ಕುಂದರಬ್ಯಾಡ್ರಿ ಅಂತ ಯಾರು ಹೇಳಿದ್ರು?"

"ಯಾರ ಹೇಳಬೇಕ್ರಿ?" ಅಂದ ಹನುಮಂತಪ್ಪ. ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಅಪ್ಪ ಎಲ್ಲರಿಗೂ ಕೈ ಮುಗಿದ. ನನ್ನ ಕಡೆ ತಿರುಗಿ "ಬೆನೇಮನ್" ಅಂದ. ನನಗೆ ಕಣ್ಣು ತುಂಬಿತು. ನಾಚಿಕೆಯಾಗಿ ಪ್ಯಾಡನ್ನು ಎದೆಗೆ ಅವಚಿಕೊಂಡು ಕೂತೆ. ಮುದುಕನೇ ನಮ್ಮನ್ನು ಕಾಪಾಡಿದ: "ಆತು, ಮಗಳು ಕುಂತಳು. ನೀವು ಹೊಳ್ಳಿ ಹೋಗ್ರಿ ಸಾಹೇಬ್ರ. ಅಲ್ಲಿ ಪಾಳಿ ಕೆಟ್ಟಿರತೈತಿ."

ಪರೀಕ್ಷೆ ಬರೆದದ್ದು, ದಡ ಮುಟ್ಟುವಷ್ಟೇ ಅಂಕ ಬಂದು ಪಾಸಾದದ್ದು, ಗೊಬ್ಬರದಂಗಡಿಯವನು ಬೇರೆ ಕಡೆ ಮದುವೆಯಾಗಿ ಸುಖವಾಗಿರುವುದು, ಇವೆಲ್ಲ ಆಮೇಲಿನ ಮಾತು. ನನ್ನ ಕಣ್ಣಿಗೆ ಕಟ್ಟಿರುವುದು ಆ ಬಸ್ಸು ಮಸ್ಕಿ ಬಿಟ್ಟ ಗಳಿಗೆ. ರಫೀಕನ ಜೀಪು ಗಿರಾಕಿ ತುಂಬಿಕೊಂಡು ಆಗಲೇ ಹೋಗಿತ್ತು, ಸಿಂಧನೂರಿಗೆ ಹೋಗುವ ಬಸ್ಸು ಅದೇ ಆಗ ಬಂದು ನಿಂತಿತ್ತು. ಜನ ಅದರ ಬಾಗಿಲಿಗೆ ಮುಗಿಬಿದ್ದಿದ್ದರು, ಕಿಟಕಿಗಳಿಗೆ ಟವೆಲ್ಲುಗಳು ಹಾರುತ್ತಿದ್ದವು. ಅಪ್ಪ ಒಬ್ಬನೇ ಆ ಗುಂಪಿನಿಂದ ಎರಡು ಮಾರು ಹಿಂದೆ, ಯಾರೂ ಹಾಕದ ಗೆರೆಯ ಮೇಲೆ ನೆಟ್ಟಗೆ ನಿಂತಿದ್ದ. ಪಾಳಿ ಹಚ್ಚಿದ್ದ. ಹನುಮಂತಪ್ಪ ನನ್ನ ಮೇಲಿಂದ ಬಗ್ಗಿ ಕಿಟಕಿಯಲ್ಲಿ ಮುಖ ಇಟ್ಟು, ಎದೆಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದ: "ಏನರ ಒಗೀರಿ ಸಾಹೇಬ್ರ, ಒಗೀರಿ!"

ಅಪ್ಪ ನಮ್ಮ ಕಡೆ ನೋಡಿದ, ನಕ್ಕ, ಕಿವಿಯ ಮೇಲಿದ್ದ ಪೆನ್ನನ್ನು ಮುಟ್ಟಿ ನೋಡಿಕೊಂಡ, ಮತ್ತೆ ತಲೆ ಅಲ್ಲಾಡಿಸಿ ನಿಂತಲ್ಲೇ ನಿಂತ.